ಕೀನ್ಯಾದಿಂದ ಬೆಂಗಳೂರಿಗೆ ಕಿಡ್ನಿ ಕಸಿಗೆ ಬಂದವರ ಜೊತೆ ಓಡಾಡಿದ್ದು

ಹೊರದೇಶದಲ್ಲಿ ಕೆಲಸ ಮಾಡೋ ಕನ್ನಡದವರಿಗೆ, ಅದರಲ್ಲೂ ಗಲ್ಫು, ಆಫ್ರಿಕಾ ಕಡೆ ಇರೋರಿಗೆ ಈ ಪ್ರಶ್ನೆ ಒಂದಲ್ಲ ಒಂದು ದಿನ ಬಂದೇ ಬರುತ್ತೆ, "ನೀವು ಬೆಂಗಳೂರಿನವರಲ್ವಾ, ಅಲ್ಲಿ ಒಳ್ಳೆ ಆಸ್ಪತ್ರೆ ಯಾವುದು ಹೇಳಿ" ಅಂತ. ನಾನು ಹಾಸನದ ಕಡೆಯವನು, ಜಿಕೆವಿಕೆಲಿ ಓದೋವಾಗ ಒಂದಷ್ಟು ವರ್ಷ ಬೆಂಗಳೂರಲ್ಲಿ ಇದ್ದೆ, ಆಮೇಲೆ ಕೀನ್ಯಾದ ನೈವಾಶಾದಲ್ಲಿ ಒಂದು ಗುಲಾಬಿ ಫಾರ್ಮಿಗೆ ಕೆಲಸಕ್ಕೆ ಸೇರಿದೆ. ನೈರೋಬಿಯಿಂದ ಹೆಚ್ಚುಕಮ್ಮಿ 90 ಕಿಲೋಮೀಟರ್, ದೊಡ್ಡ ಕೆರೆ, ಕೆರೆ ಸುತ್ತ ಗ್ರೀನ್‌ಹೌಸುಗಳು, ಅಲ್ಲಿ ಬೆಳೆದ ಹೂವು ರಾತ್ರೋರಾತ್ರಿ ವಿಮಾನ ಹತ್ತಿ ಯುರೋಪಿಗೆ ಹೋಗುತ್ತೆ. ನಮ್ಮ ಪ್ಯಾಕ್‌ಹೌಸ್ (ಹೂವು ಪ್ಯಾಕ್ ಮಾಡೋ ಜಾಗ) ಸೂಪರ್‌ವೈಸರಿಗೆ ಎರಡೂ ಕಿಡ್ನಿ ಹೋಗಿದೆ ಅಂತ ಗೊತ್ತಾದಾಗ ಅವರ ಮನೆಯವರು ಬಂದು ಕೇಳಿದ್ದು ನನ್ನನ್ನ. ಅವರ ಹೆಸರು ಇಲ್ಲಿ ಬರೆಯಲ್ಲ, ಅದು ಅವರ ಮನೆ ವಿಷಯ. ಆದ್ರೆ ಏನೇನು ಮಾಡಬೇಕಾಯ್ತು ಅನ್ನೋದನ್ನ ಪೂರ್ತಿ ಬರೀತೀನಿ, ಯಾಕಂದ್ರೆ ನಾಳೆ ನಿಮ್ಮ ಆಫೀಸಲ್ಲೂ ಯಾರಾದ್ರೂ ಇದನ್ನೇ ಕೇಳಬಹುದು, ಆಗ ಬರೀ ಆಸ್ಪತ್ರೆ ಹೆಸರು ಹೇಳಿದ್ರೆ ಅವರಿಗೆ ಏನೂ ಉಪಯೋಗ ಆಗಲ್ಲ.

ಅವರು ಡಯಾಲಿಸಿಸ್‌ಗೆ ನಕುರುಗೆ ಹೋಗ್ತಿದ್ರು. ಆಗ ಅಲ್ಲಿ ಎನ್‌ಎಚ್‌ಐಎಫ್ ಅಂತ ಸರ್ಕಾರಿ ಆರೋಗ್ಯ ವಿಮೆ ಇತ್ತು (2024ರ ಅಕ್ಟೋಬರಿಂದ ಅದು ಹೋಗಿ ಬೇರೆ ವ್ಯವಸ್ಥೆ ಬಂದಿದೆ), ಅದರಲ್ಲಿ ವಾರಕ್ಕೆ ಎರಡು ಡಯಾಲಿಸಿಸ್ ಸಿಗ್ತಿತ್ತು. ಬೆಳಗ್ಗೆ ಕತ್ತಲಲ್ಲೇ ಮಟಾಟು ಹತ್ತಬೇಕು, ಮಟಾಟು ಅಂದ್ರೆ ಅಲ್ಲಿನ ಮಿನಿ ಬಸ್ಸು, ನಾಲ್ಕು ಗಂಟೆ ಮೆಷಿನ್ನು, ಮತ್ತೆ ವಾಪಸ್ಸು, ಮಾರನೇ ದಿನ ಡ್ಯೂಟಿ. ಕಿಡ್ನಿ ಕಸಿ ಕೀನ್ಯಾದಲ್ಲಿ ಆಗೋದೇ ಇಲ್ಲ ಅಂತಲ್ಲ, ನೈರೋಬಿಯ ಕೆನ್ಯಾಟಾ ನ್ಯಾಷನಲ್ ಹಾಸ್ಪಿಟಲಲ್ಲಿ ಆಗುತ್ತೆ, ಎಲ್ಡೊರೆಟ್‌ನ ಮೊಯಿ ಆಸ್ಪತ್ರೆಲೂ ಆಗುತ್ತೆ, ಇದನ್ನ ಮೊದಲು ಅವರಿಗೇ ಹೇಳಿದೆ, ಹತ್ತಿರದಲ್ಲಿ ಆಗೋ ಹಾಗಿದ್ರೆ ಅದೇ ಒಳ್ಳೇದು ಅಂತ. ಅಲ್ಲಿ ಕಾಯೋದು ಜಾಸ್ತಿ ಆಗ್ತಾ ಹೋಯ್ತು, ಖಾಸಗೀಲಿ ಕೇಳಿದ ದುಡ್ಡು ಬೆಂಗಳೂರಿಗಿಂತ ಹೆಚ್ಚಿತ್ತು, ಅವರ ಡಾಕ್ಟ್ರೇ "ಇಂಡಿಯಾ ವಿಚಾರಿಸಿ ನೋಡಿ" ಅಂದ ಮೇಲೇ ನಾವು ಈ ಕಡೆ ತಿರುಗಿದ್ದು.

ಕಿಡ್ನಿ ವಿಷಯದಲ್ಲಿ ಎಲ್ಲಕ್ಕಿಂತ ಮೊದಲು ಇತ್ಯರ್ಥ ಆಗಬೇಕಾಗಿದ್ದು ಡೋನರ್ ಯಾರು ಅನ್ನೋದು. ಆಸ್ಪತ್ರೆ, ವೀಸಾ, ಟಿಕೆಟ್ಟು ಎಲ್ಲ ಆಮೇಲೆ. ತುಂಬಾ ಜನ ಅಲ್ಲಿಗೆ ಹೋದ್ರೆ ಕಿಡ್ನಿನೂ ಸಿಗುತ್ತೆ ಅಂದ್ಕೊಂಡಿರ್ತಾರೆ, ಹಾಗೆ ನಂಬಿಸೋರೂ ಇದ್ದಾರೆ. ನಮ್ಮ ದೇಶದಲ್ಲಿ 1994ರ ಅಂಗಾಂಗ ಕಸಿ ಕಾಯ್ದೆ ಇದೆ, 2011ರಲ್ಲಿ ತಿದ್ದುಪಡಿ ಆಗಿದೆ, 2014ರಲ್ಲಿ ಹೊಸ ರೂಲ್ಸು ಬಂದಿದೆ. ಅದರ ಪ್ರಕಾರ ವಿದೇಶಿ ಪೇಷೆಂಟಿಗೆ ಭಾರತೀಯರು ಕಿಡ್ನಿ ಕೊಡೋ ಹಾಗಿಲ್ಲ, ಹತ್ತಿರದ ರಕ್ತಸಂಬಂಧಿಯೋ ಗಂಡ ಹೆಂಡತಿಯೋ ಆಗಿದ್ರೆ ಮಾತ್ರ. ಸತ್ತವರಿಂದ ಬರೋ ಕಿಡ್ನಿಲೂ ಮೊದಲು ನಮ್ಮ ದೇಶದ ಪೇಷೆಂಟುಗಳು, ವಿದೇಶದವರು ಸಾಲಿನ ಕೊನೇಲಿ. ಅಂದ್ರೆ ಡೋನರ್‌ನ ಅವರ ಮನೆಯಿಂದಲೇ ಕರ್ಕೊಂಡು ಬರಬೇಕು. ನೈರೋಬಿಯಲ್ಲಿ ಒಬ್ಬ ಏಜೆಂಟು ಇವರ ಹತ್ರ "ಡೋನರ್ ಇಲ್ದಿದ್ರೂ ಪರವಾಗಿಲ್ಲ, ಅಲ್ಲಿ ಹೋದ್ಮೇಲೆ ನೋಡ್ಕೊಳ್ಳೋಣ" ಅಂದಿದ್ದ. ಆ ಮಾತು ಕೇಳಿದ ಕೂಡ್ಲೇ ಅವನ ಸಹವಾಸನೇ ಬೇಡ ಅಂದೆ. ಬಡವರ ಮೈಯಿಂದ ಕಿಡ್ನಿ ಕೊಂಡ್ಕೊಳ್ಳೋ ದಂಧೆ ನಡೀತಿತ್ತು ಅಂತಾನೇ ಆ ಕಾಯ್ದೆ ಬಂದಿದ್ದು, ಅದರೊಳಗೆ ಗೊತ್ತಿಲ್ದೇ ಕಾಲಿಟ್ರೂ ಪೇಷೆಂಟು ದುಡ್ಡೂ ಕಳ್ಕೊಂಡು ಜೈಲಿನ ಬಾಗಿಲಿಗೂ ಹೋಗ್ತಾನೆ.

ಡೋನರ್ ಆಗೋಕೆ ಮೊದಲು ಪೇಷೆಂಟಿನ ತಮ್ಮ ಬಂದ್ರು, ಬ್ಲಡ್ ಗ್ರೂಪೇ ಹೊಂದಲಿಲ್ಲ. ಗ್ರೂಪು ಹೊಂದದೇ ಇದ್ರೂ ಕಸಿ ಮಾಡೋ ವಿಧಾನ ಇದೆ, ಆದ್ರೆ ಅದಕ್ಕೆ ಮುಂಚೆ ರಕ್ತದಲ್ಲಿರೋ ಆಂಟಿಬಾಡಿ ತೆಗೀಬೇಕು, ಖರ್ಚು ತುಂಬಾ ಏರುತ್ತೆ. ಆಮೇಲೆ ಅವರಕ್ಕ ಬಂದ್ರು. ಮದುವೆ ಆಗಿ ನ್ಯೇರಿ ಕಡೆ ಇರೋರು, ಮಕ್ಕಳು ಸ್ಕೂಲಿಗೆ ಹೋಗ್ತಾರೆ, ಸ್ವಲ್ಪ ಚಹಾ ತೋಟ ಇದೆ. ಓ ಪಾಸಿಟಿವ್. ಶುಗರ್ ಇಲ್ಲ, ಬಿಪಿ ಇಲ್ಲ, ಕ್ರಿಯಾಟಿನಿನ್ (ಕಿಡ್ನಿ ಹೇಗೆ ಕೆಲಸ ಮಾಡ್ತಿದೆ ಅಂತ ತೋರಿಸೋ ರಕ್ತ ಪರೀಕ್ಷೆ) ನಾರ್ಮಲ್ಲು, ಸ್ಕ್ಯಾನಲ್ಲಿ ಎರಡು ಕಿಡ್ನಿನೂ ಸರಿಯಾಗಿದೆ. ಇಷ್ಟನ್ನ ಕೀನ್ಯಾದಲ್ಲೇ ಮಾಡಿಸ್ಕೊಂಡ್ವಿ. ಯಾರಿಗಾದ್ರೂ ನಾನು ಹೇಳೋದು ಇದೇ, ಡೋನರ್‌ದು ಈ ಬೇಸಿಕ್ ಟೆಸ್ಟುಗಳನ್ನ ಅವರೂರಲ್ಲೇ ಮಾಡಿಸಿ, ಬೆಂಗಳೂರಿಗೆ ಬಂದಮೇಲೆ "ಇವರು ಕೊಡೋಕಾಗಲ್ಲ" ಅಂದ್ರೆ ಎರಡು ಜನದ ವಿಮಾನದ ದುಡ್ಡು, ಅಷ್ಟು ದಿನದ ರೂಮು, ವಾರವಾರದ ಡಯಾಲಿಸಿಸ್ ಎಲ್ಲ ಹೋಗುತ್ತೆ, ಅದಕ್ಕಿಂತ ಹೆಚ್ಚಾಗಿ ಆ ಮನುಷ್ಯನ ಧೈರ್ಯ ಹೋಗುತ್ತೆ.

ಎಸ್ಟಿಮೇಟ್ ವಿಷಯಕ್ಕೆ ಬರ್ತೀನಿ. ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಇಂಟರ್‌ನ್ಯಾಷನಲ್ ಪೇಷೆಂಟ್ಸ್ ಡೆಸ್ಕ್ ಅಂತ ಇರುತ್ತೆ, ನೇರವಾಗಿ ಮೇಲ್ ಮಾಡಿದ್ರೆ ಉತ್ತರ ಕೊಡ್ತಾರೆ, ಮಧ್ಯದಲ್ಲಿ ಯಾರೂ ಬೇಕಾಗಿಲ್ಲ. ನಾನು ಮೂರು ಆಸ್ಪತ್ರೆಗೆ ಒಂದೇ ಥರ ಮೇಲ್ ಬರೆದೆ, ಪೇಷೆಂಟಿನ ಕೇಸ್ ಸಮ್ಮರಿ, ಇಬ್ಬರ ಬ್ಲಡ್ ರಿಪೋರ್ಟು, ಹೆಪಟೈಟಿಸ್ ಬಿ, ಸಿ ಮತ್ತೆ ಎಚ್‌ಐವಿ ಟೆಸ್ಟು, ಎಕೋ, ಸ್ಕ್ಯಾನು ಎಲ್ಲ ಹಾಕಿ. ಸ್ಕ್ಯಾನ್ ಫಿಲ್ಮನ್ನ ಕಿಟಕಿಗೆ ಹಿಡಿದು ಮೊಬೈಲಲ್ಲಿ ಫೋಟೋ ಹೊಡೆದು ಕಳಿಸ್ತಾರೆ ಕೆಲವರು, ಡಾಕ್ಟ್ರಿಗೆ ಅದರಲ್ಲಿ ಏನೂ ಕಾಣಲ್ಲ, ಸ್ಕ್ಯಾನ್ ಸೆಂಟರಿಂದ ಸಿಡಿ ಇಸ್ಕೊಂಡು ಅದರ ಫೈಲುಗಳನ್ನೇ ಕಳಿಸಬೇಕು. ಕೀನ್ಯಾದಲ್ಲಿ ರಿಪೋರ್ಟೆಲ್ಲ ಇಂಗ್ಲಿಷಲ್ಲೇ ಇರುತ್ತೆ, ಅದೊಂದು ಅನುಕೂಲ. ಆಸ್ಪತ್ರೆಲಿ ಆಮೇಲೆ ಪರಿಚಯ ಆದ ಯೆಮನ್ ದೇಶದ ಒಬ್ಬರು ಅರೇಬಿಕ್ ರಿಪೋರ್ಟುಗಳನ್ನ ತರ್ಜುಮೆ ಮಾಡಿಸೋಕೇ ಎಷ್ಟೋ ದಿನ ಕಳ್ಕೊಂಡಿದ್ರು.

ಉತ್ತರ ಬಂದಾಗ ಮೂರು ಮೂರು ಥರ. ಒಬ್ಬರು ಕಮ್ಮಿ ಅಂತ ಕಾಣುತ್ತೆ, ಓದಿ ನೋಡಿದ್ರೆ ಡೋನರ್ ಆಪರೇಷನ್ ಸೇರಿಲ್ಲ. ಇನ್ನೊಬ್ಬರಲ್ಲಿ ಸೇರಿದೆ, ಆದ್ರೆ ಆಪರೇಷನ್‌ಗೆ ಮುಂಚಿನ ಟೆಸ್ಟು ಸೇರಿಲ್ಲ. ನಾನು ಕೂತ್ಕೊಂಡು ಪ್ರಶ್ನೆ ಬರೆದು ಮೂವರಿಗೂ ವಾಪಸ್ ಕಳಿಸಿದೆ. ಎಷ್ಟು ದಿನದ ವಾರ್ಡು, ಎಷ್ಟು ದಿನದ ಐಸಿಯು ಇದರೊಳಗಿದೆ? ಕಸಿ ಆಗೋ ತನಕ ಮಾಡೋ ಡಯಾಲಿಸಿಸ್ ಯಾರ ಲೆಕ್ಕ? ದೇಹ ಹೊಸ ಕಿಡ್ನಿನ ತಿರಸ್ಕರಿಸದೇ ಇರಲಿ ಅಂತ ಆಪರೇಷನ್ ಟೈಮಲ್ಲಿ ಕೊಡೋ ಇಂಡಕ್ಷನ್ ಇಂಜೆಕ್ಷನ್ ಸೇರಿದೆಯಾ? (ಬೇಸಿಲಿಕ್ಸಿಮ್ಯಾಬ್ ಕೊಡ್ತಾರೋ ಎಟಿಜಿ ಕೊಡ್ತಾರೋ ಅನ್ನೋದರ ಮೇಲೆ ಬಿಲ್ಲು ಚೆನ್ನಾಗೇ ಬದಲಾಗುತ್ತೆ.) ಬಯಾಪ್ಸಿ ಬೇಕಾದ್ರೆ ಎಷ್ಟು? ಡಿಸ್ಚಾರ್ಜ್ ಆದ್ಮೇಲೆ ಎರಡು ಮೂರು ತಿಂಗಳು ಇಲ್ಲೇ ಇರಬೇಕಲ್ಲ, ಆಗಿನ ರಕ್ತ ಪರೀಕ್ಷೆ, ಮೂತ್ರನಾಳದಲ್ಲಿ ಇಟ್ಟಿರೋ ಸ್ಟೆಂಟ್ ತೆಗೆಯೋದು ಸೇರಿದೆಯಾ? ಉಳಿದ ದುಡ್ಡು ವಾಪಸ್ ಹೇಗೆ ಕೊಡ್ತೀರ? ಇಷ್ಟಕ್ಕೂ ಸಾಲುಸಾಲಾಗಿ ಉತ್ತರ ಬರೆದು ಕೊಟ್ಟ ಆಸ್ಪತ್ರೇನ ನಾವು ಆರಿಸ್ಕೊಂಡಿದ್ದು, ಬನ್ನೇರುಘಟ್ಟ ರೋಡ್ ಕಡೆಯದು, ಅದೇನು ಮೂರರಲ್ಲಿ ಅತಿ ಅಗ್ಗದ್ದಲ್ಲ. ಆಮೇಲೆ ಗೊತ್ತಾಯ್ತು, ಅದೇ ಆಸ್ಪತ್ರೆಗೆ ಆ ಏಜೆಂಟು ಕೊಟ್ಟಿದ್ದ ಪ್ಯಾಕೇಜು ನಮಗೆ ನೇರವಾಗಿ ಸಿಕ್ಕಿದ್ದಕ್ಕಿಂತ ಜಾಸ್ತಿ ಇತ್ತು, ಡಾಕ್ಟ್ರ ಹೆಸರು ಕೇಳಿದ್ರೆ ಅವನು ಹೇಳ್ತಾನೂ ಇರಲಿಲ್ಲ. ಒಳ್ಳೆ ಏಜೆಂಟುಗಳೇ ಇಲ್ಲ ಅನ್ನಲ್ಲ, ಭಾಷೆ ಬರದೇ ಇರೋರಿಗೆ ಒಬ್ಬರು ಜೊತೆಗೆ ಬೇಕೇ ಬೇಕು, ಆದ್ರೆ ಆಸ್ಪತ್ರೆ ಲೆಟರ್‌ಹೆಡ್ಡಲ್ಲಿರೋ ಎಸ್ಟಿಮೇಟು ಪೇಷೆಂಟಿನ ಕೈಯಲ್ಲೇ ಇರಬೇಕು.

ದುಡ್ಡು ಹೊಂದಿಸಿದ್ದು ನೋಡಿದಾಗ ನನಗೆ ನಮ್ಮೂರ ಮದುವೆ ಮುಯ್ಯಿ ನೆನಪಾಯ್ತು. ಅಲ್ಲಿ ಹರಾಂಬೆ ಅಂತಾರೆ, ಯಾರಿಗಾದ್ರೂ ಕಷ್ಟ ಬಂದ್ರೆ ಊರು, ಚರ್ಚು, ಕೆಲಸದ ಜಾಗ ಎಲ್ಲ ಸೇರಿ ಹಾಕೋದು. ಈಗ ಎಲ್ಲ ಎಂ-ಪೆಸಾದಲ್ಲಿ, ಮೊಬೈಲಿಂದಲೇ, 2007ರಿಂದ ಅಲ್ಲಿ ತರಕಾರಿ ಮಾರೋರ ತನಕ ಅದು ಬಳಕೇಲಿದೆ. ಒಂದು ವಾಟ್ಸಾಪ್ ಗ್ರೂಪು, ಅದರಲ್ಲಿ ಒಬ್ಬ ಖಜಾಂಚಿ, ದಿನಾ ರಾತ್ರಿ ಯಾರು ಎಷ್ಟು ಹಾಕಿದ್ರು ಅಂತ ಲಿಸ್ಟು. ಹೂವು ಕೊಯ್ಯೋ ಹೆಂಗಸರು ನೂರು ಶಿಲಿಂಗು, ಇನ್ನೂರು ಶಿಲಿಂಗು ಹಾಕಿದ್ರು, ಅವರ ಸಂಬಳ ಎಷ್ಟು ಅಂತ ನನಗೆ ಗೊತ್ತು, ಅದಕ್ಕೇ ಆ ನೂರು ನನಗೆ ದೊಡ್ಡದಾಗಿ ಕಂಡಿದ್ದು. ಉಳಿದಿದ್ದಕ್ಕೆ ಸಾಕೋ ಸಾಲ, ನಮ್ಮಲ್ಲಿ ಸೊಸೈಟಿ ಇದ್ದ ಹಾಗೆ ಅಲ್ಲಿ ಕೆಲಸಗಾರರ ಸಂಘ ಅದು.

ಇಲ್ಲೊಂದು ವಿಷಯ ನಿಂತು ಹೇಳಬೇಕು. 2023ರ ಶುರುವಲ್ಲಿ ಒಂದು ಡಾಲರಿಗೆ ಹೆಚ್ಚುಕಮ್ಮಿ 124 ಶಿಲಿಂಗ್ ಇತ್ತು, ವರ್ಷದ ಕೊನೆಗೆ 156 ಆಸುಪಾಸು ಹೋಯ್ತು. ಆಸ್ಪತ್ರೆ ಎಸ್ಟಿಮೇಟು ಡಾಲರಲ್ಲಿ, ಹರಾಂಬೆ ಶಿಲಿಂಗಲ್ಲಿ. ಜನ ಹಾಕ್ತಾನೇ ಇದ್ದಾರೆ, ತಲುಪಬೇಕಾದ ಮೊತ್ತ ಮುಂದೆ ಮುಂದೆ ಓಡ್ತಾನೇ ಇದೆ. ಆಮೇಲೆ ಆಸ್ಪತ್ರೆಗೆ ಬರೆದು ರೂಪಾಯಿಲೇ ಎಸ್ಟಿಮೇಟ್ ಕೊಡಿ ಅಂತ ಕೇಳಿದ್ವಿ, ಕೊಟ್ರು, ಮತ್ತೆ ಸೇರಿದ ದುಡ್ಡನ್ನ ಕಾಯದೇ ಆಗಾಗ ಬ್ಯಾಂಕಿಂದ ನೇರ ಆಸ್ಪತ್ರೆ ಅಕೌಂಟಿಗೆ ಹಾಕ್ತಾ ಬಂದ್ವಿ. ಕ್ಯಾಶ್ ಹೊತ್ಕೊಂಡು ಬರ್ತೀವಿ ಅನ್ನೋರಿಗೆ ಎರಡು ಮಾತು, ನೋಟಲ್ಲಿ 5000 ಡಾಲರಿಗಿಂತ ಜಾಸ್ತಿ ತಂದ್ರೆ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್‌ಗೆ ಡಿಕ್ಲೇರ್ ಮಾಡಬೇಕು, ಇನ್ನು ನಮ್ಮ ಆದಾಯ ತೆರಿಗೆ ಕಾನೂನಿನ ಪ್ರಕಾರ ಒಬ್ಬರ ಹತ್ರ ಎರಡು ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಕ್ಯಾಶ್ ಆಸ್ಪತ್ರೆಯವರು ತಗೊಳ್ಳೋ ಹಾಗಿಲ್ಲ.

ದುಡ್ಡಿನ ವಿಷಯದಲ್ಲೇ ನಾನು ಹಠ ಹಿಡಿದಿದ್ದು ಇನ್ನೊಂದಕ್ಕೆ. ಕಸಿ ಆದ್ಮೇಲೆ ಮಾತ್ರೆ ಜೀವಮಾನ ಪೂರ್ತಿ. ಟ್ಯಾಕ್ರೋಲಿಮಸ್, ಮೈಕೋಫಿನೋಲೇಟ್, ಸ್ಟೀರಾಯ್ಡ್, ಈ ಮೂರು ದಿನಾ. ನಿಲ್ಲಿಸಿದ್ರೆ ದೇಹ ಆ ಕಿಡ್ನಿನ ಒಪ್ಪಲ್ಲ, ಅಕ್ಕ ಕೊಟ್ಟಿದ್ದೂ ವೇಸ್ಟು, ಊರು ಹಾಕಿದ್ದೂ ವೇಸ್ಟು. ಹರಾಂಬೆ ಅನ್ನೋದು ಆಪರೇಷನ್‌ಗೆ ಸೇರುತ್ತೆ, ಮನುಷ್ಯ ನಡ್ಕೊಂಡು ವಾಪಸ್ ಬಂದ್ಮೇಲೆ ತಿಂಗಳ ಮಾತ್ರೆಗೆ ಯಾರೂ ಮತ್ತೆ ಸೇರಿಸಲ್ಲ, ಅದು ತಪ್ಪಲ್ಲ, ಜನರ ಸ್ವಭಾವನೇ ಹಾಗೆ. ಅದಕ್ಕೆ ಸೇರಿದ ದುಡ್ಡಲ್ಲಿ ಮೊದಲು ಒಂದು ವರ್ಷದ ಮಾತ್ರೆ ಮತ್ತೆ ರಕ್ತ ಪರೀಕ್ಷೆದು ಎತ್ತಿಟ್ಟು, ಉಳಿದಿದ್ದರಲ್ಲಿ ಆಪರೇಷನ್ ಆಗುತ್ತಾ ನೋಡೋಣ, ಆಗಲ್ಲ ಅಂದ್ರೆ ಇನ್ನೂ ಸ್ವಲ್ಪ ದಿನ ಕಾಯೋಣ ಅಂದೆ. ಮನೆಯವರಿಗೆ ಬೇಜಾರಾಯ್ತು, ಅವರಿಗೆ ಒಂದೊಂದು ವಾರನೂ ಭಾರ. ಆದ್ರೆ ಅವರಕ್ಕ ಒಪ್ಪಿದ್ರು, "ನಾನು ಒಂದ್ಸಲ ಮಾತ್ರ ಕೊಡೋಕಾಗೋದು" ಅಂದ್ರು. ಆಮೇಲೆ ಯಾರೂ ಎದುರು ಮಾತಾಡಲಿಲ್ಲ.

ಕಾಗದ ಪತ್ರ ಹೊಂದಿಸೋದಕ್ಕೆ ಹಿಡಿದಷ್ಟು ಟೈಮು ಬೇರೆ ಯಾವುದಕ್ಕೂ ಹಿಡೀಲಿಲ್ಲ. ಡೋನರ್ರೂ ಪೇಷೆಂಟೂ ಅಕ್ಕ ತಮ್ಮ ಅಂತ ಸಾಬೀತು ಮಾಡಬೇಕು. ಅಕ್ಕನ ಪಾಸ್‌ಪೋರ್ಟಲ್ಲಿ ಗಂಡನ ಮನೆ ಹೆಸರು, ತಮ್ಮನ ಪಾಸ್‌ಪೋರ್ಟಲ್ಲಿ ಅಪ್ಪನ ಹೆಸರು, ಜನನ ಪ್ರಮಾಣಪತ್ರದಲ್ಲಿ ಅಮ್ಮನ ಹೆಸರಿನ ಸ್ಪೆಲ್ಲಿಂಗು ಒಂದೊಂದರಲ್ಲಿ ಒಂದೊಂದು ಥರ. ಅದಕ್ಕೆ ಅಫಿಡವಿಟ್ಟು, ಅದಕ್ಕೆ ನೋಟರಿ, ಅದಕ್ಕೆ ಅಲ್ಲಿನ ವಿದೇಶಾಂಗ ಇಲಾಖೆ ಸೀಲು. ಇದರ ಮೇಲೆ ನಮ್ಮ ಕಸಿ ರೂಲ್ಸಲ್ಲಿ ಫಾರ್ಮ್ 21 ಅಂತ ಇದೆ, ಡೋನರ್ರೂ ಪೇಷೆಂಟೂ ನಿಜವಾಗ್ಲೂ ಸಂಬಂಧಿಕರು ಅಂತ ಅವರ ದೇಶದ ರಾಯಭಾರ ಕಚೇರಿ ಬರೆದುಕೊಡಬೇಕು, ಇವರಿಗೆ ಅದು ದೆಹಲೀಲಿರೋ ಕೀನ್ಯಾ ಹೈಕಮಿಷನ್. ಕಾಗದ ಎಲ್ಲ ಪಕ್ಕಾ ಇದ್ರೆ ಇದು ಸುಲಭ, ಒಂದು ಸ್ಪೆಲ್ಲಿಂಗ್ ತಪ್ಪಿದ್ರೂ ಬೆಂಗಳೂರಿಂದ ಕೀನ್ಯಾಗೆ ಫೋನ್ ಮಾಡ್ತಾ ಕೂರಬೇಕು, ಅಷ್ಟರಲ್ಲಿ ಇಲ್ಲಿ ವಾರವಾರದ ಡಯಾಲಿಸಿಸ್ ಓಡ್ತಿರುತ್ತೆ. ಇವರು ಹಳೇ ಕುಟುಂಬದ ಫೋಟೋಗಳನ್ನೂ ತಂದಿದ್ರು, ಚಿಕ್ಕವರಿದ್ದಾಗ ಚರ್ಚ್ ಮುಂದೆ ನಿಂತಿದ್ದು, ಅಕ್ಕನ ಮದುವೇದು, ಅದೂ ಆಮೇಲೆ ಕಸಿಗೆ ಒಪ್ಪಿಗೆ ಕೊಡೋ ಕಮಿಟಿ ಮುಂದೆ ಉಪಯೋಗಕ್ಕೆ ಬಂತು.

ವೀಸಾ ವಿಷಯದಲ್ಲಿ ಟೂರಿಸ್ಟ್ ವೀಸಾ ಬೇಡವೇ ಬೇಡ. ಪೇಷೆಂಟಿಗೆ ಮೆಡಿಕಲ್ ವೀಸಾ, ಜೊತೆಗಿರೋರಿಗೆ ಮೆಡಿಕಲ್ ಅಟೆಂಡೆಂಟ್ ವೀಸಾ ಅಂತಾನೇ ಇದೆ, ಒಬ್ಬ ಪೇಷೆಂಟ್ ಜೊತೆ ಇಬ್ಬರ ತನಕ ಬರಬಹುದು. ಇ-ಮೆಡಿಕಲ್ ವೀಸಾ ಆನ್‌ಲೈನಲ್ಲೇ ಆಗುತ್ತೆ, ಬಂದಿಳಿದ ದಿನದಿಂದ 60 ದಿನ, ಮೂರು ಸಲ ಒಳಗೆ ಬರಬಹುದು. ಆಸ್ಪತ್ರೆಯ ಲೆಟರಲ್ಲಿ ಪ್ರತಿಯೊಬ್ಬರ ಹೆಸರು, ಪಾಸ್‌ಪೋರ್ಟ್ ನಂಬರು, ಯಾರು ಪೇಷೆಂಟು, ಯಾರು ಡೋನರ್ರು, ಯಾರು ನೋಡ್ಕೊಳ್ಳೋರು ಅಂತ ಬಿಡಿಸಿ ಬರೆಸ್ಕೊಳ್ಳಿ. ಕಸಿಗೆ 60 ದಿನ ಸಾಲಲ್ಲ, ಇಲ್ಲಿ ಬಂದ್ಮೇಲೆ ಇ-ಎಫ್‌ಆರ್‌ಆರ್‌ಒ (ವಿದೇಶಿಯರ ನೋಂದಣಿ ಕಚೇರಿ) ಪೋರ್ಟಲಲ್ಲಿ ಆಸ್ಪತ್ರೆ ಲೆಟರ್ ಹಾಕಿ ಮುಂದುವರಿಸಬೇಕು, 2018ರಿಂದ ಇದು ಆನ್‌ಲೈನು, ಆಫೀಸಿಗೆ ಅಲೆಯೋದು ಕಮ್ಮಿ ಆಗಿದೆ.

ಯೆಲ್ಲೋ ಫೀವರ್ ಲಸಿಕೆ ಬಗ್ಗೆ ಯಾರೂ ಮೊದಲೇ ಹೇಳಲ್ಲ, ಅದಕ್ಕೆ ಹೇಳ್ತಿದೀನಿ. ಕೀನ್ಯಾದಿಂದ ಭಾರತಕ್ಕೆ ಬರೋರಿಗೆ ಆ ಹಳದಿ ಕಾರ್ಡು ಬೇಕೇ ಬೇಕು, ಲಸಿಕೆ ಹಾಕಿಸ್ಕೊಂಡು ಹತ್ತು ದಿನ ಆಗಿರಬೇಕು, ಇಲ್ಲಾಂದ್ರೆ ಇಳಿದ ಕಡೆನೇ ಆರು ದಿನದ ತನಕ ಕ್ವಾರಂಟೈನಲ್ಲಿ ಇಡ್ತಾರೆ. ಡಯಾಲಿಸಿಸ್ ಪೇಷೆಂಟನ್ನ ಕ್ವಾರಂಟೈನಲ್ಲಿ ಇಟ್ರೆ ಏನು ಗತಿ ಯೋಚನೆ ಮಾಡಿ. ಇನ್ನೊಂದು ಏನಂದ್ರೆ ಅದು ಜೀವಂತ ವೈರಸ್ ಇರೋ ಲಸಿಕೆ. ಕಸಿ ಆಗಿ ಇಮ್ಯುನಿಟಿ ತಗ್ಗಿಸೋ ಮಾತ್ರೆ ಶುರುವಾದ್ಮೇಲೆ ಅದನ್ನ ಹಾಕೋ ಹಾಗಿಲ್ಲ, ಮುಂಚೆ ಹಾಕಿಸೋದಾದ್ರೂ ಕಸಿಗೆ ಕನಿಷ್ಠ ನಾಲ್ಕು ವಾರ ಗ್ಯಾಪ್ ಬೇಕು. ಅದಕ್ಕೆ ಬರೋದು ಅಂತ ತೀರ್ಮಾನ ಆದ ಕೂಡ್ಲೇ ಅವರ ಕಿಡ್ನಿ ಡಾಕ್ಟ್ರನ್ನ ಕೇಳಿ, ಅವರು ಸರಿ ಅಂದ್ಮೇಲೆ ಹಾಕಿಸಿದ್ವಿ. ಒಂದ್ಸಲ ಹಾಕಿಸಿದ್ರೆ ಈಗ ಆ ಕಾರ್ಡು ಜೀವಮಾನ ಪೂರ್ತಿ ನಡೆಯುತ್ತೆ.

ನೈರೋಬಿಯಿಂದ ಮುಂಬೈಗೆ ನೇರ ವಿಮಾನ ಇದೆ, ಆರು ಗಂಟೆ. ಹಿಂದಿನ ದಿನ ಡಯಾಲಿಸಿಸ್ ಮುಗಿಸಿ ಹೊರಟ್ವಿ. ವೀಲ್‌ಚೇರ್ ಬುಕ್ ಮಾಡಿದ್ವಿ, ಏರ್‌ಲೈನಿಗೆ ಡಾಕ್ಟ್ರ ಲೆಟರ್ ಕೊಟ್ಟಿದ್ವಿ. ವಿಮಾನದಲ್ಲಿ ಕೊಡೋ ಜ್ಯೂಸು, ಬಾಳೆಹಣ್ಣು ಇವರಿಗೆ ವಿಷ ಇದ್ದ ಹಾಗೆ, ಪೊಟ್ಯಾಷಿಯಂ ಏರಿದ್ರೆ ಹೃದಯಕ್ಕೇ ತೊಂದರೆ, ನೀರೂ ಅಳೆದು ಕುಡೀಬೇಕು. ಮುಂಬೈಯಲ್ಲಿ ಹೆಲ್ತ್ ಕೌಂಟರಲ್ಲಿ ಕಾರ್ಡ್ ನೋಡಿದ್ರು, ಇಮಿಗ್ರೇಷನ್ ಆಯ್ತು, ಅಲ್ಲಿಂದ ಬೆಂಗಳೂರು.

ರೂಮಿನ ವಿಷಯದಲ್ಲಿ ನನಗೆ ಬೇಜಾರಾಗಿದ್ದು ನಮ್ಮ ಊರಿನ ಬಗ್ಗೆನೇ. ಫೋನಲ್ಲಿ ಸರಿ ಅಂದ ಒಬ್ಬ ಓನರ್ರು ಇವರನ್ನ ನೋಡಿದ ಮೇಲೆ "ಫಾರಿನರ್ಸಿಗೆ ಕೊಡಲ್ಲ" ಅಂದ್ರು. ವಿದೇಶಿಯರು ಉಳ್ಕೊಂಡ್ರೆ ಓನರ್ರು 24 ಗಂಟೆ ಒಳಗೆ ಅದನ್ನ ತಿಳಿಸೋ ಫಾರ್ಮನ್ನ (ಆಗ ಅದು ಫಾರ್ಮ್ ಸಿ) ಆನ್‌ಲೈನಲ್ಲಿ ತುಂಬಬೇಕು, ಅದರ ತಲೆನೋವು ಬೇಡ ಅಂತ ಕೆಲವರು ಹೇಳ್ತಾರೆ ಸರಿ, ಆದ್ರೆ ಇಲ್ಲಿ ಕಾರಣ ಅದಲ್ಲ ಅನ್ನೋದು ಮುಖ ನೋಡಿದ್ರೆ ತಿಳೀತಿತ್ತು. ಆ ಅಕ್ಕ ತಮ್ಮನ ಮುಂದೆ ನಿಂತು ಅದನ್ನ ಇಂಗ್ಲಿಷಿಗೆ ಹೇಳೋದು ನನ್ನಿಂದ ಆಗ್ಲಿಲ್ಲ, ರೂಮು ಚಿಕ್ಕದು ಬೇರೆ ನೋಡೋಣ ಅಂದೆ. ಆಮೇಲೆ ಅರಕೆರೇಲಿರೋ ನಮ್ಮ ದೊಡ್ಡಮ್ಮನ ಪರಿಚಯದವರ ಮನೆ ಮೇಲಿನ ಪೋರ್ಷನ್ ಸಿಕ್ತು, ಅವರ ಮಗಳು ಫಾರ್ಮ್ ಸಿ ತುಂಬೋದನ್ನ ಅಲ್ಲೇ ಕೂತು ಕಲಿತ್ಕೊಂಡು ಮಾಡಿದ್ಲು. ದೊಡ್ಡಮ್ಮ ಮೊದಲ ದಿನನೇ "ಏನಪ್ಪಾ ತಿಂತಾರೆ ಇವರು, ಕೇಳಿ ಹೇಳು ನಂಗೆ" ಅಂತ ಶುರು ಮಾಡಿದ್ರು. ಅವರ ಊಟ ಉಗಾಲಿ, ಬಿಳಿ ಮೆಕ್ಕೆಜೋಳದ ಹಿಟ್ಟಿನ ಮುದ್ದೆ, ಜೊತೆಗೆ ಸೊಪ್ಪು. ನಮ್ಮಲ್ಲಿ ಸಿಗೋ ಮೆಕ್ಕೆಜೋಳದ ಹಿಟ್ಟು ಹಳದಿ, ರುಚಿ ಬೇರೆ, ಅವರಿಗೆ ಹಿಡಿಸಲಿಲ್ಲ. ರಾಗಿ ಅವರಿಗೂ ಗೊತ್ತು, ಅಲ್ಲಿ ಗಂಜಿ ಮಾಡ್ತಾರೆ, ಸರಿ ದೊಡ್ಡಮ್ಮ ಮುದ್ದೆ ಮಾಡಿ ಕಳಿಸಿದ್ರು, ಅಕ್ಕ ಖುಷಿಯಾಗಿ ತಿಂದ್ರು. ತಮ್ಮನಿಗೆ ಮಾತ್ರ ಡಯಟೀಷಿಯನ್ ಬೇಡ ಅಂದ್ರು, ರಾಗೀಲಿ ರಂಜಕ, ಪೊಟ್ಯಾಷಿಯಂ ಎರಡೂ ಜಾಸ್ತಿ, ಕಸಿ ಆಗೋ ತನಕ ಅನ್ನನೇ. ಸೊಪ್ಪು ತರಕಾರಿನೂ ಕುದಿಸಿ ನೀರು ಚೆಲ್ಲಿ ಆಮೇಲೆ ಒಗ್ಗರಣೆ.

ಆಸ್ಪತ್ರೇಲಿ ಟೆಸ್ಟುಗಳು ಮತ್ತೆ ಮೊದಲಿಂದ. ಎಚ್‌ಎಲ್‌ಎ ಟೈಪಿಂಗ್, ಕ್ರಾಸ್ ಮ್ಯಾಚ್ (ಅಕ್ಕನ ಕಿಡ್ನಿ ತಮ್ಮನಿಗೆ ಹೊಂದುತ್ತಾ ಅಂತ ನೋಡೋ ರಕ್ತ ಪರೀಕ್ಷೆಗಳು), ಅಕ್ಕನಿಗೆ ಸಿಟಿ ಆಂಜಿಯೋ, ಡಿಟಿಪಿಎ ಸ್ಕ್ಯಾನು (ಎರಡು ಕಿಡ್ನಿ ಒಂದೊಂದೂ ಎಷ್ಟು ಕೆಲಸ ಮಾಡ್ತಿದೆ ಅಂತ ಅದರಲ್ಲಿ ಗೊತ್ತಾಗುತ್ತೆ), ಹಲ್ಲು, ಹೃದಯ, ಸ್ತ್ರೀರೋಗ ತಜ್ಞರು, ಮನೋವೈದ್ಯರು. ಎಲ್ಲರೂ ಪೇಷೆಂಟು ಪೇಷೆಂಟು ಅಂತ ತಮ್ಮನ ಸುತ್ತ ಇರ್ತಾರೆ, ನಾನಂತೂ ನೋಡಿ ನೋಡಿ ಒಂದು ತೀರ್ಮಾನಕ್ಕೆ ಬಂದೆ, ಇಲ್ಲಿ ಇಬ್ಬರು ಪೇಷೆಂಟುಗಳು, ಅದರಲ್ಲಿ ಒಬ್ಬರು ಏನೂ ಕಾಯಿಲೆ ಇಲ್ದೇ ಆಪರೇಷನ್ ಟೇಬಲ್ ಮೇಲೆ ಮಲಗ್ತಾರೆ. ಅದಕ್ಕೆ ಅಕ್ಕನ ಪರವಾಗಿ ಬೇರೆಯಾಗಿ ಪ್ರಶ್ನೆ ಕೇಳಿದ್ವಿ, ಎಷ್ಟು ದಿನ ಭಾರ ಎತ್ತಬಾರದು, ತೋಟದ ಕೆಲಸ ಯಾವಾಗ, ಮುಂದೆ ವರ್ಷಕ್ಕೊಮ್ಮೆ ಏನೇನು ಟೆಸ್ಟು ಮಾಡಿಸಬೇಕು. ಸರ್ಜನ್ನು ಕೂರಿಸಿಕೊಂಡು ನಿಧಾನವಾಗಿ ಹೇಳಿದ್ರು.

ಆಮೇಲೆ ಆಥರೈಸೇಷನ್ ಕಮಿಟಿ, ಅಂದ್ರೆ ಕಸಿಗೆ ಒಪ್ಪಿಗೆ ಕೊಡೋ ಕಮಿಟಿ. ಪೇಷೆಂಟೋ ಡೋನರ್ರೋ ವಿದೇಶದವರಾದ್ರೆ ಸ್ವಂತ ಅಕ್ಕ ತಮ್ಮನೇ ಆಗಿದ್ರೂ ಈ ಕಮಿಟಿ ಒಪ್ಪಲೇಬೇಕು. ವಿಡಿಯೋ ರೆಕಾರ್ಡಿಂಗ್ ಇರುತ್ತೆ. ಅಕ್ಕನನ್ನ ಬೇರೆ ಕೂರಿಸಿ ಕೇಳಿದ್ರು, ನಾನು ಹೊರಗೆ. ಡೋನರ್ ಹೆಂಗಸಾಗಿದ್ರೆ ಇನ್ನೂ ಹೆಚ್ಚು ಎಚ್ಚರಿಕೆ ತಗೋಬೇಕು, ಅವರು ಸ್ವಂತ ಮನಸ್ಸಿಂದ ಒಪ್ಪಿದ್ದಾರಾ ಅನ್ನೋದನ್ನ ಖಚಿತ ಮಾಡ್ಕೋಬೇಕು ಅಂತ ರೂಲ್ಸಲ್ಲೇ ಬರೆದಿದೆ. ಇದು ಬಹಳ ಸರಿಯಾದ ರೂಲು, ಮನೆಯವರ ಒತ್ತಡಕ್ಕೆ ಹೂಂ ಅನ್ನೋ ಹೆಂಗಸರು ಎಲ್ಲಾ ದೇಶದಲ್ಲೂ ಇದ್ದಾರೆ. ಗಂಡ ಏನಂದ್ರು, ಮಕ್ಕಳನ್ನ ಯಾರು ನೋಡ್ಕೊಳ್ತಾರೆ, ದುಡ್ಡೇನಾದ್ರೂ ಕೊಟ್ರಾ, ಈಗ ಬೇಡ ಅನ್ನಿಸಿದ್ರೆ ಹೇಳಬಹುದು ಗೊತ್ತಾ, ಹೀಗೆ ಕೇಳಿದ್ರಂತೆ. ಹೊರಗೆ ಬಂದಾಗ ಅವರು ನನಗೆ ಹೇಳಿದ್ದು, "ಇಷ್ಟು ದಿನದಲ್ಲಿ ನನಗೆ ಬೇಡ ಅನ್ನೋ ಹಕ್ಕಿದೆ ಅಂತ ಯಾರೂ ಹೇಳಿರಲಿಲ್ಲ, ಅವರು ಹೇಳಿದ್ರು, ಆಮೇಲೆ ನಾನು ಕೊಡ್ತೀನಿ ಅಂದೆ."

ಆಪರೇಷನ್ ಬಗ್ಗೆ ಹೆಚ್ಚು ಬರೆಯಲ್ಲ, ಅದು ಡಾಕ್ಟ್ರ ಕೆಲಸ, ಚೆನ್ನಾಗಿ ಮಾಡಿದ್ರು. ಅಕ್ಕನಿಗೆ ಲ್ಯಾಪ್ರೋಸ್ಕೋಪಿ, ಒಂದು ವಾರದೊಳಗೆ ಡಿಸ್ಚಾರ್ಜು. ತಮ್ಮನಿಗೆ ಹೊಸ ಕಿಡ್ನಿ ಟೇಬಲ್ ಮೇಲೇ ಕೆಲಸ ಶುರು ಮಾಡ್ತು, ಯೂರಿನ್ ಬ್ಯಾಗ್ ತುಂಬ್ತಾ ಇರೋದನ್ನ ನರ್ಸು ಹೇಳಿದಾಗ ಅವರು ಅತ್ತುಬಿಟ್ರು, ಎಷ್ಟೋ ತಿಂಗಳಿಂದ ಒಂದು ಲೋಟ ನೀರು ಕುಡಿಯೋಕೆ ಲೆಕ್ಕ ಹಾಕ್ತಿದ್ದ ಮನುಷ್ಯ. ಕ್ರಿಯಾಟಿನಿನ್ ದಿನದಿನಕ್ಕೂ ಇಳೀತು. ಮೂರನೇ ವಾರದಲ್ಲಿ ಸ್ವಲ್ಪ ಏರ್ತು, ರಕ್ತದಲ್ಲಿ ಟ್ಯಾಕ್ರೋಲಿಮಸ್ ಲೆವೆಲ್ ಜಾಸ್ತಿ ಆಗಿತ್ತು, ಕೈ ನಡುಗ್ತಿತ್ತು, ಡೋಸ್ ಕಮ್ಮಿ ಮಾಡಿದ್ಮೇಲೆ ಸರಿಹೋಯ್ತು. ಲೆವೆಲ್ ಟೆಸ್ಟಿಗೆ ರಕ್ತ ಕೊಡೋ ದಿನ ಬೆಳಗಿನ ಮಾತ್ರೆ ನುಂಗಬಾರದು, ರಕ್ತ ಕೊಟ್ಟು ಆಮೇಲೆ ನುಂಗಬೇಕು, ಇದನ್ನ ಮರೆತು ಬರೋರನ್ನ ಲ್ಯಾಬ್ ಮುಂದೆ ದಿನಾ ನೋಡ್ತಿದ್ವಿ.

ಆ ಲ್ಯಾಬ್ ಸಾಲಲ್ಲಿ ಪ್ರಪಂಚನೇ ನಿಂತಿರುತ್ತೆ. ಬಾಂಗ್ಲಾದೇಶದವರು, ಒಮಾನ್‌ನವರು, ಟಾಂಜಾನಿಯಾ, ಸುಡಾನ್, ಮಾಲ್ಡೀವ್ಸ್. ಬೊಮ್ಮಸಂದ್ರದ ಕಡೆ ಹೋದ್ರೆ ನಾರಾಯಣ ಹೆಲ್ತ್ ಸಿಟಿ ಸುತ್ತ ಲಾಡ್ಜು, ಹೋಟೆಲ್ ಬೋರ್ಡುಗಳೇ ಬಂಗಾಳಿಯಲ್ಲಿವೆ. ಇಷ್ಟು ಜನ ನಮ್ಮೂರನ್ನ ನಂಬಿ ಬರ್ತಾರೆ ಅನ್ನೋದು ನನಗೆ ಹೆಮ್ಮೆನೂ ಹೌದು, ಭಯನೂ ಹೌದು. ಅವರಲ್ಲಿ ಅರ್ಧ ಜನರ ಕೈಯಲ್ಲಿ ಯಾವ ಬಿಲ್ಲಿಗೆ ಎಷ್ಟು ಕಟ್ಟಿದೀವಿ ಅನ್ನೋ ಲೆಕ್ಕ ಇರಲ್ಲ, ಜೊತೆಗೆ ಬಂದ ಏಜೆಂಟು ಏನು ಹೇಳಿದ್ರೆ ಅದು.

ವಾಪಸ್ ಹೋಗೋ ಮುಂಚೆ ನಾವು ಮಾಡಿಸ್ಕೊಂಡಿದ್ದು: ಡಿಸ್ಚಾರ್ಜ್ ಸಮ್ಮರಿ ಇಬ್ಬರದ್ದೂ ಬೇರೆ ಬೇರೆ, ವಿಮಾನ ಹತ್ತಬಹುದು ಅಂತ ಫಿಟ್ ಟು ಫ್ಲೈ ಸರ್ಟಿಫಿಕೇಟು, ಮೂರು ತಿಂಗಳ ಮಾತ್ರೆ ಬಿಲ್ಲು ಮತ್ತೆ ಚೀಟಿ ಸಮೇತ, ನೈರೋಬಿಯ ಕಿಡ್ನಿ ಡಾಕ್ಟ್ರಿಗೆ ಇಲ್ಲಿನ ಡಾಕ್ಟ್ರು ಬರೆದ ಲೆಟರು. ಮಾತ್ರೆಗಳನ್ನ ಲಗೇಜಲ್ಲಿ ಹಾಕಲಿಲ್ಲ, ಕೈಚೀಲದಲ್ಲೇ. ಕೀನ್ಯಾ ನಮಗಿಂತ ಎರಡೂವರೆ ಗಂಟೆ ಹಿಂದೆ, ಟ್ಯಾಕ್ರೋಲಿಮಸ್ ಹನ್ನೆರಡು ಗಂಟೆಗೊಮ್ಮೆ ಬೀಳಬೇಕು, ಅದಕ್ಕೆ ಅಲ್ಲಿನ ಹೊತ್ತಿಗೆ ಹೇಗೆ ಹೊಂದಿಸೋದು ಅಂತನೂ ಬರೆಸ್ಕೊಂಡ್ವಿ. ಟ್ಯಾಕ್ರೋಲಿಮಸ್ ಬ್ರ್ಯಾಂಡ್ ಡಾಕ್ಟ್ರನ್ನ ಕೇಳದೇ ಬದಲಾಯಿಸೋ ಹಾಗಿಲ್ಲ, ಆದ್ರಿಂದ ನೈರೋಬಿಯಲ್ಲಿ ಸಿಗೋ ಬ್ರ್ಯಾಂಡು ಯಾವುದು ಅಂತ ಮೊದಲೇ ವಿಚಾರಿಸಿ, ಬೆಂಗಳೂರಲ್ಲಿದ್ದಾಗಲೇ ಅದನ್ನ ಶುರು ಮಾಡಿಸಿದ್ದು ತುಂಬಾ ಒಳ್ಳೇದಾಯ್ತು.

ಅವರು ಈಗ ಪ್ಯಾಕ್‌ಹೌಸಲ್ಲಿಲ್ಲ. ಕೋಲ್ಡ್ ರೂಮಿನ ಚಳಿ, ಗ್ರೀನ್‌ಹೌಸ್ ಮಣ್ಣು, ಫಂಗಸ್ಸು, ಸ್ಪ್ರೇ ಇವೆಲ್ಲ ಬೇಡ ಅಂತ ಡಾಕ್ಟ್ರು ಹೇಳಿದ್ದಕ್ಕೆ ಮ್ಯಾನೇಜ್‌ಮೆಂಟ್ ಆಫೀಸಿಗೆ ಹಾಕಿದ್ದಾರೆ, ಡಿಸ್ಪ್ಯಾಚ್ ಕಾಗದ ನೋಡ್ಕೊಳ್ತಾರೆ. ಅಕ್ಕ ನ್ಯೇರಿಯಲ್ಲಿ ತೋಟಕ್ಕೆ ಹೋಗ್ತಾರೆ, ವರ್ಷಕ್ಕೊಮ್ಮೆ ಅವರ ಟೆಸ್ಟಿನ ದುಡ್ಡು ತಮ್ಮನೇ ಕಟ್ಟಬೇಕು ಅಂತ ಮಾತಾಗಿದೆ, ಕಟ್ತಿದ್ದಾರೆ. ಎತ್ತಿಟ್ಟಿದ್ದ ಮಾತ್ರೆ ದುಡ್ಡು ಹೇಳಿದ ಹಾಗೇ ಒಂದು ವರ್ಷ ಬಂತು, ಅಷ್ಟರಲ್ಲಿ ಸಾಕೋ ಸಾಲದ ಕಂತು ಕಮ್ಮಿ ಆಗಿತ್ತು, ಈಗ ಸಂಬಳದಲ್ಲೇ ಮಾತ್ರೆ ನಡೀತಿದೆ.

ಪಕ್ಕದ ಫಾರ್ಮಿಂದ ಒಬ್ಬರು ಮಗಳ ಹೃದಯದ ಆಪರೇಷನ್‌ಗೆ ಅಂತ ಈಗ ನಮ್ಮ ಹತ್ರ ಬಂದಿದ್ದಾರೆ. ಎಸ್ಟಿಮೇಟ್ ಮೇಲ್ ಬರೆಯೋದಕ್ಕೆ ಕೂತಿದ್ದು ನಾನಲ್ಲ, ಅವರೇ, ನಮ್ಮ ಸೂಪರ್‌ವೈಸರ್ರು. ಮೂರು ಆಸ್ಪತ್ರೆಗೆ ಹೋಗಿದೆ, ಎರಡರಿಂದ ಉತ್ತರ ಬಂದಿದೆ, ಐಸಿಯು ದಿನ ಎಷ್ಟು ಅಂತ ಒಂದರಲ್ಲಿ ಬರೆದಿಲ್ಲ, ಅದನ್ನ ಮತ್ತೆ ಕೇಳಿ ಬರೆದಿದ್ದಾರೆ.